ಹದ ನೋಡುವ ಮಾಲಾ

ಮಣ್ಣಿನ ಹದದಲ್ಲಿ ಮಾಲಾಳನ್ನು ಮೆಚ್ಚಿಸಿದವರು ಇನ್ನೂ ಹುಟ್ಟಿಲ್ಲ. ಸವದತ್ತಿಯ ಕಾಲೇಜಿನಿಂದ ಬಂದು ಬಸ್ಸಿಳಿದವಳೇ ಊರ ಶಾಲೆಯ ಬೇವಿನ ಮರದಡಿಗೆ ನಡೆಯುತ್ತಾಳೆ. ಅಲ್ಲಿ ಅವಳ ಓರಗೆಯವರು ಮಕ್ಕಳಿಗೊಂದು ಬಯಲು ತರಗತಿ ಕಟ್ಟಲು ಕೆಮ್ಮಣ್ಣಿಗೆ ಹೊಟ್ಟು, ಸಗಣಿ ಬೆರೆಸಿ ತುಳಿಯುತ್ತಿರುತ್ತಾರೆ. ಒಂದು ಮುದ್ದೆ ಎತ್ತಿ, ಅಂಗೈಯಲ್ಲಿ ತಟ್ಟಿ, ಮೂಸಿ, "ರೊಟ್ಟಿ ಹಿಟ್ಟಿನ ಹದ ಬಂದಿಲ್ಲ, ಇನ್ನೊಂದೀಟು ತುಳೀರಿ" ಎನ್ನುತ್ತಾಳೆ. ಹೆಡ್‌ಮಾಸ್ತರರ ಭಾಷಣಕ್ಕೂ ಬಸ್‌ಸ್ಟ್ಯಾಂಡಿನ ಚಹಾಕ್ಕೂ ಅವಳದು ಇದೇ ತೀರ್ಪು: ಹದ ಬಂದಿಲ್ಲ. ಆದರೂ ಯಾರೂ ಮುನಿಯುವುದಿಲ್ಲ, ಏಕೆಂದರೆ ಎಲ್ಲರಿಗಿಂತ ಹೆಚ್ಚು ತುಳಿಯುವವಳು ಅವಳೇ. ಅವಳು ನಿಜವಾಗಿ ಸಿಟ್ಟಾದದ್ದು ಒಂದೇ ಸಲ. ಗೋಡೆಯಿಲ್ಲದ, ಬಾಗಿಲಿಲ್ಲದ, ದುಂಡಗೆ ಮಣ್ಣಿನ ಕಟ್ಟೆಯಷ್ಟೇ ಇರುವ ಆ ತರಗತಿಗೆ ಗೆಳೆಯ ಬಸವಲಿಂಗ ರೂಢಿಯಂತೆ ಹೊಸ್ತಿಲ ಕಲ್ಲು ಹೂಳಿ, ಅರಿಷಿಣ ಕುಂಕುಮವನ್ನೂ ಹಚ್ಚಿಬಿಟ್ಟಿದ್ದ. "ಹೊಸ್ತಿಲಾ ಇಲ್ದ ಸಾಲಿ ಹೆಂಗ ಆಗತೈತಿ?" ಎಂದ. ಮಾಲಾ ಹಾರೆ ತಂದು ಕಲ್ಲನ್ನು ಮೀಟಿ ತೆಗೆದಳು. ಅಂದು ಸಂಜೆ ಅವಳ ಅಜ್ಜ ಶಟ್ಟೆಪ್ಪ ಬಂದ. ಚಿಕ್ಕಂದಿನಲ್ಲಿ ಒಳಗೆ ಬಿಡದ ಕಾರಣ ತನ್ನ ಕೇರಿಯ ಹುಡುಗರೊಂದಿಗೆ ಶಾಲೆಯ ಹೊಸ್ತಿಲ ಹೊರಗೇ ಕುಳಿತು ಅಕ್ಷರ ಕಲಿತವನು. ಕೋಲೂರಿ ಸುತ್ತಲೂ ನೋಡಿ, "ಎಲ್ಲಾರೂ ಹೊರಗ ಕುಂದರೂದೇನವ್ವಾ?" ಎಂದು ಕೇಳಿದ. "ಹೂಂ ಅಜ್ಜಾ, ಎಲ್ಲಾರೂ." ಅಜ್ಜ ಚಪ್ಪಲಿ ಕಳಚಿ, ಇನ್ನೂ ಆರದ ಕಟ್ಟೆಯ ಮೇಲೆ ಕುಳಿತೇಬಿಟ್ಟ. ಅವನು ಎದ್ದಾಗ ಅಲ್ಲೊಂದು ತಗ್ಗು ಬಿದ್ದಿತ್ತು. ಸವರಲು ಬಂದ ಬಸವಲಿಂಗನ ಕೈಯನ್ನು ಮಾಲಾ ತಡೆದಳು: "ಇರಲಿ ಬಿಡೋ, ಹದ ಬಂದೈತಿ."