ಗೌರಮ್ಮನ ಮೆಸ್ಸಿನ ಸೀಲು

ಪುಷ್ಪಾ, ಆ ಸೀಲು ಮಾಡಿಸಿದವಳು ನಾನು. ಗೌರಮ್ಮನವರಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ — ನನಗೊಬ್ಬಳಿಗೇ ಗೊತ್ತಿತ್ತು.

ಶೆಟ್ಟಿಹಳ್ಳಿಯ ರೂಮಿನಲ್ಲಿ ನಾವಿಬ್ಬರೂ ಒಂದೇ ಟ್ರಸ್ಟಿನ ಸ್ಕಾಲರ್‌ಶಿಪ್ ನಂಬಿಕೊಂಡು ಓದುತ್ತಿದ್ದೆವು. ಮೊದಲು ನಾವು ಖರ್ಚು ಮಾಡಬೇಕು, ಬಿಲ್ಲು ಕೊಟ್ಟ ಮೇಲೆ ಅವರು ಹಣ ವಾಪಸ್ಸು ಕೊಡಬೇಕು. ಬಿಲ್ಲಿಗೆ ನಂಬರು, ತಾರೀಖು, ಸೀಲು ಎಲ್ಲ ಸರಿಯಾಗಿರಬೇಕು. ನಾವು ಉಣ್ಣುತ್ತಿದ್ದದ್ದು ಗೌರಮ್ಮನವರ ಮನೆಯ ಮೆಸ್ಸಿನಲ್ಲಿ. ಅವರು ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದುಕೊಡುತ್ತಿದ್ದರು. ಬಿ.ಕಾಂ. ಓದುವವಳು ನಾನು, ಬಿಲ್ಲಿನ ವಿಷಯ ನನಗೆ ಬಿಡು ಎಂದು ಜಂಬ ಕೊಚ್ಚಿಕೊಂಡೆ. ನಮ್ಮೂರು ಗುಬ್ಬಿಗೆ ಹೋದಾಗ ಮೆಸ್ಸಿನ ಹೆಸರಿನಲ್ಲಿ ರಬ್ಬರ್ ಸೀಲು ಮಾಡಿಸಿದೆ. ಇಬ್ಬರ ಬಿಲ್ಲಿಗೂ ನಾನೇ ಸೀಲು ಒತ್ತಿ ತಂದು, ಗೌರಮ್ಮನವರೇ ಹಾಕಿಕೊಟ್ಟರು ಎಂದು ನಿನಗೆ ಹೇಳಿದೆ. ನೀನು ನಂಬಿ ನಿನ್ನ ಬಿಲ್ಲು ಕೊಟ್ಟೆ. ನನ್ನದು ಇನ್ನೂ ಕೊಟ್ಟಿರಲಿಲ್ಲ. ಊಟ ನಿಜ, ನಾವು ಕೊಟ್ಟ ದುಡ್ಡೂ ನಿಜ. ಸುಳ್ಳು ಅಂದರೆ ಆ ಸೀಲೊಂದೇ.

ಟ್ರಸ್ಟಿನವರು ಮೆಸ್ಸಿಗೇ ಹೋಗಿ ವಿಚಾರಿಸಿದರು. ಗೌರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ: "ಸೀಲೂ ಇಲ್ಲ ಗೀಲೂ ಇಲ್ಲ ಸ್ವಾಮಿ, ನಮ್ದು ಮನೆ ಊಟ." ನಿನ್ನನ್ನು ಆಫೀಸಿಗೆ ಕರೆಸಿದರು. ಜೊತೆಗಿರಲಿ ಎಂದು ನೀನು ನನ್ನನ್ನೂ ಕರೆದುಕೊಂಡು ಹೋದೆ. ನಿನಗೆ ಹೆದರಿಕೆಯೇ ಇರಲಿಲ್ಲ. ಗೌರಮ್ಮನವರೇ ಹಾಕಿದ್ದು ಎಂದು ಹೇಳಿ ನನ್ನ ಕಡೆ ತಿರುಗಿದೆ.

"ನೀನಾದ್ರೂ ಹೇಳೇ, ನೀನೇ ತಾನೇ ತಂದಿದ್ದು?"

ಸೀಲು ನನ್ನ ಬ್ಯಾಗಿನಲ್ಲೇ ಇತ್ತು. ಬ್ಯಾಗು ತೆಗಿ ಅಂದುಬಿಟ್ಟರೆ — ನನ್ನ ಓದೂ ನಿಂತುಹೋದರೆ? ಬ್ಯಾಗನ್ನು ಹಿಂದಕ್ಕೆ ಸರಿಸಿದೆ.

"ನಂಗೇನೂ ಗೊತ್ತಿಲ್ಲ ಸರ್."

ನೀನು ಬೈಯಲಿಲ್ಲ. ಸ್ಕಾಲರ್‌ಶಿಪ್ ನಿಂತಿತು, ನರ್ಸಿಂಗ್ ಅರ್ಧಕ್ಕೇ ಬಿಟ್ಟು ನೀನು ನಿಮ್ಮೂರು ಕುಣಿಗಲ್ಲಿಗೆ ಹೊರಟುಹೋದೆ. ನಾನು ನನ್ನ ಬಿಲ್ಲನ್ನು ಹರಿದು ಹಾಕಿ ಪರೀಕ್ಷೆ ಬರೆದೆ.

ಈಗ ಶೆಟ್ಟಿಹಳ್ಳಿಯಿಂದ ದೂರವಿಲ್ಲದ ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಬಿಲ್ಲು ಪರಿಶೀಲಿಸುವುದೇ ನನ್ನ ಕೆಲಸ. ಆಡಿಟ್‌ನವರು ಬರುವ ಮುನ್ನ ಎಲ್ಲ ಬಿಲ್ಲನ್ನೂ ಇನ್ನೊಮ್ಮೆ ನೋಡುತ್ತೇನೆ. ಆ ಸೀಲನ್ನು ಎಸೆಯಲೂ ಭಯ — ಯಾರಿಗಾದರೂ ಸಿಕ್ಕರೆ? ಇಟ್ಟುಕೊಳ್ಳಲೂ ಭಯ. ಮದುವೆಯಾಗಿ ಬರುವಾಗ ಸೀರೆಗಳ ಅಡಿಯಲ್ಲಿಟ್ಟು ತಂದೆ. ಗಂಡ ಬೀರು ತೆಗೆದರೆ ಇವತ್ತಿಗೂ ನಾನೇ ಮುಂದೆ ಹೋಗಿ ನಿಲ್ಲುತ್ತೇನೆ.

ಹೋದ ವಾರ ಕ್ಯಾಂಟೀನಿಗೆ ಹಾಲು ಹಾಕುವವರು ಚೀಟಿ ತಂದರು. ಸೀಲಿಲ್ಲದೆ ಆಗುವುದಿಲ್ಲ ಎಂದೆ. "ಅದ್ಕೇನು ಬುಡಿ ಮೇಡಂ, ಒಂದ್ ಮಾಡುಸ್ಕೊಂಡ್ ಬರ್ತೀನಿ" ಎಂದರು. ಅಷ್ಟೇ ಇತ್ತು, ಪುಷ್ಪಾ. ಗೌರಮ್ಮನವರನ್ನು ಒಂದು ಮಾತು ಕೇಳಿ ಮಾಡಿಸಿದ್ದರೆ ಆ ಸೀಲು ಸುಳ್ಳೇ ಆಗುತ್ತಿರಲಿಲ್ಲ.

ನಾಳೆ ರಜೆ ಹಾಕಿದ್ದೇನೆ. ಮೊದಲು ಟ್ರಸ್ಟಿನ ಆಫೀಸು. ಅವರ ಎದುರೇ ಬಿಳಿ ಹಾಳೆಯ ಮೇಲೆ ಸೀಲು ಒತ್ತಿ, ಕೆಳಗೆ ನನ್ನ ಹೆಸರು ಬರೆಯುತ್ತೇನೆ. ಕೆಲಸ ಹೋಗಬಹುದು, ಹೆದರಿಕೆಯಂತೂ ಇದೆ. ಆಮೇಲೆ ಗೌರಮ್ಮನವರ ಮನೆ, ಆಮೇಲೆ ಕುಣಿಗಲ್ ಬಸ್ಸು. ನೀನು ಬಾಗಿಲು ತೆಗೆಯದಿರಬಹುದು. ಹೊರಗೇ ನಿಂತು, ಅವತ್ತು ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ — ಹೌದು ಕಣೇ, ನಾನೇ ತಂದಿದ್ದು.