ಬಿಗಿ ಮಾಡಿದಷ್ಟೂ ಜಾರಿದ ಕ್ಲಚ್ಚು

ಅಣ್ಣನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಲಾರಿಯ ಕ್ಲಚ್ಚಿನಲ್ಲಿ. ಸಂಡೂರಿನ ಘಾಟಿಯಲ್ಲಿ ಅದಿರು ತುಂಬಿದ ಗಾಡಿ ಇಳಿಸುವಾಗ ಎಡಗಾಲು ಪೆಡಲನ್ನು ಪೂರ್ತಿ ಒತ್ತಲಿಲ್ಲವಂತೆ. ಕ್ಲಚ್ಚೇ ಕೆಟ್ಟಿದೆ ಎಂದುಕೊಂಡು ಗಾಡಿಯನ್ನು ಗ್ಯಾರೇಜಿಗೆ ಬಿಟ್ಟ. ಕ್ಲಚ್ಚಿಗೆ ಏನೂ ಆಗಿರಲಿಲ್ಲ. ಒಂದೆರಡು ವರ್ಷಗಳಲ್ಲಿ ಎರಡೂ ಕಾಲು ಹೋದವು. ಬಳ್ಳಾರಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಇದು ನರಗಳದ್ದು, ಮುಂದೆ ಕೈಗಳಿಗೂ ಬರುತ್ತದೆ, ಔಷಧಿ ಇಲ್ಲ ಎಂದರು. ಹೊರಗೆ ಕರೆದರು ಎಂಬುದು ನನ್ನ ನೆನಪು. ಹೊರಗೇನೂ ಕರೆಯಲಿಲ್ಲ, ಎಲ್ಲವನ್ನೂ ನಿಮ್ಮಣ್ಣನ ಎದುರಿಗೇ ಹೇಳಿದರು ಎನ್ನುತ್ತಾರೆ ಅತ್ತಿಗೆ. ಇಬ್ಬರಲ್ಲಿ ಯಾರು ಸರಿ ಎಂದು ಈಗ ಕೇಳಲು ಆ ಡಾಕ್ಟರೂ ಇಲ್ಲ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಅತ್ತಿಗೆಯ ತಮ್ಮ ದುಬೈನಿಂದ ರಜೆಗೆ ಬಂದವನು ಒಂದು ಮೊಳ ಉದ್ದದ ಕಾರು ತಂದ. ಬ್ಯಾಟರಿ ಶೆಲ್ಲು ಹಾಕಿ ಓಡಿಸುವ ಆಟಿಕೆಯಲ್ಲ. ಅದರಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ನಿಜವಾದ ಎಂಜಿನ್ನಿತ್ತು, ಹಗ್ಗ ಎಳೆದು ಚಾಲೂ ಮಾಡಬೇಕು. ಓಡಿಸಲು ಪಿಸ್ತೂಲಿನಂಥ ರಿಮೋಟು. ಟ್ರಿಗರಿನ ಕುದುರೆ ಎಳೆದರೆ ಎಕ್ಸಿಲೇಟರು, ಪಕ್ಕದ ಚಿಕ್ಕ ಚಕ್ರವೇ ಸ್ಟೇರಿಂಗು.

ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. “ಇದಕ್ಕ ಕಾಲು ಬೇಕಾಗಿಲ್ಲಲ್ಲೋ,” ಅಂದ. “ಕೈ ಇರೂದ್ರಾಗ ಒಂದ್ಸಲ ಗಾಡಿ ಹೊಡಿಬೇಕು ನೋಡು.”

ಅದಕ್ಕೆ ಪೆಟ್ರೋಲಿನ ಬದಲು ಬೇಕಾದ ನೈಟ್ರೋ ಎಣ್ಣೆಯನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲವಂತೆ. ಧಾರವಾಡದಲ್ಲಿ ಫಿಜಿಕ್ಸ್ ಓದಿ ಬಂದು, ಯಾವ ಕೆಲಸದಲ್ಲೂ ನಿಲ್ಲದೆ ತಿರುಗುತ್ತಿದ್ದ ನಾನು ಅದರ ಹಿಂದೆ ಬಿದ್ದೆ. ಪ್ರಯೋಗಾಲಯವೊಂದರಲ್ಲಿದ್ದ ಗೆಳೆಯನಿಂದ ಮೆಥನಾಲ್ ತರಿಸಿ ಅದಕ್ಕೆ ಗಾಣದ ಔಡಲೆಣ್ಣೆ ಬೆರೆಸಿದೆ. ನೈಟ್ರೋ ಇಲ್ಲದೆಯೂ ಎಂಜಿನ್ನು ಹೊತ್ತಿಕೊಂಡಿತು. ಹೊಸಪೇಟೆಯ ಚಿತ್ತವಾಡ್ಗಿಯ ನಮ್ಮ ಓಣಿ ತುಂಬ, ಬಾಣಂತಿ ಮನೆಯ ಹಾಗೆ, ಸುಟ್ಟ ಔಡಲೆಣ್ಣೆಯ ವಾಸನೆ.

“ನಿಮ್ಮನ್ಯಾಗ ಯಾರು ಹಡದಾರವ್ವಾ ಅಂತ ಬಾಜು ಮನ್ಯಾಕಿ ಕೇಳಾಕತ್ತಾಳ,” ಅಂದರು ಅತ್ತಿಗೆ.

“ನಿನ್ನ ಮೈದುನ ಹಡದಾನ ಅಂತ ಹೇಳು,” ಅಂದ ಅಣ್ಣ. “ಕೂಸು ಭಾಳ ಒದರತೈತಿ, ಅಂಬೆಗಾಲು ಮಾತ್ರ ಇಡವಲ್ದು.”

ನಿಜವೇ. ಎಂಜಿನ್ನು ಕಿವಿ ಹರಿಯುವಂತೆ ಕೂಗುತ್ತಿತ್ತು, ಕಾರು ನಿಂತಲ್ಲೇ ನಡುಗುತ್ತಿತ್ತು.

“ಕ್ಲಚ್ ಸ್ಲಿಪ್ ಹೊಡ್ಯಾಕತ್ತೈತಿ,” ಎಂದು ಅಣ್ಣ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. “ಸ್ಪ್ರಿಂಗ್ ಸೋತಾವು. ಬಿಗಿ ಹಾಕು.”

ಸಂಡೂರಿನ ಅದಿರು ಲಾರಿ ಹೊಡೆಯುವವರೆಲ್ಲ ಹಾಗೇ ಮಾಡುತ್ತಿದ್ದರು. ಮಿತಿ ಮೀರಿ ಹೇರುವ ಗಾಡಿಗಳು. ಕ್ಲಚ್ಚು ಜಾರಿದರೆ ಗಟ್ಟಿ ಸ್ಪ್ರಿಂಗು ಹಾಕಿಸುವುದು, ಪೆಡಲು ಕಲ್ಲಿನಂತಾದರೂ ಸರಿ. ನಾವು ಪುಟ್ಟ ಕ್ಲಚ್ಚನ್ನು ಬಿಚ್ಚಿದೆವು. ಒಳಗೆ ಬ್ರೇಕ್ ಶೂಗಳ ಹಾಗೆ ಮೂರು ತುಂಡು, ಒಂದೊಂದಕ್ಕೂ ಕೂದಲೆಳೆಯಂಥ ಸ್ಪ್ರಿಂಗು. ಅವನ್ನು ಕಿತ್ತೆಸೆದು, ಸೈಕಲ್ಲಿನ ಬ್ರೇಕ್ ವೈರಿನ ಎಳೆ ಬಿಡಿಸಿ ದಪ್ಪನೆಯವನ್ನು ಬಾಗಿಸಿ ಹಾಕಿದೆವು. ಕಾರು ಅಲುಗಲೂ ಇಲ್ಲ. ಇನ್ನೂ ದಪ್ಪನೆಯವು. ಎಂಜಿನ್ನು ಕಾದು ಹೊಗೆಯಾಡಿತು, ಶೂಗಳ ಮೇಲೆ ಕವಿದುಕೊಳ್ಳುವ ಉಕ್ಕಿನ ಬಟ್ಟಲು ನೀಲಿಗಟ್ಟಿತು. ಅಣ್ಣ ಮತ್ತೂ ಬಿಗಿ ಎನ್ನುತ್ತಿದ್ದ. ಇದು ತಿಂಗಳುಗಟ್ಟಲೆ ನಡೆಯಿತು.

ಕೊನೆಗೊಂದು ಮಧ್ಯಾಹ್ನ ವಿಷಯ ಹೊಳೆಯಿತು. ಲಾರಿಯಲ್ಲಿ ಸ್ಪ್ರಿಂಗು ಪ್ಲೇಟನ್ನು ಫ್ಲೈವೀಲಿಗೆ ಒತ್ತುತ್ತದೆ. ಇಲ್ಲಿ ಸ್ಪ್ರಿಂಗಿನ ಕೆಲಸ ತಿರುಗುಮುರುಗು. ಫ್ಲೈವೀಲು ಜೋರಾಗಿ ತಿರುಗಿದಾಗ ಶೂಗಳು ಹೊರಕ್ಕೆ ಸಿಡಿದು ಬಟ್ಟಲನ್ನು ಹಿಡಿಯಬೇಕು, ಸ್ಪ್ರಿಂಗು ಅವನ್ನು ಒಳಕ್ಕೆ ಜಗ್ಗುತ್ತದೆ. ನಾವು ಬಿಗಿ ಮಾಡಿದಷ್ಟೂ ಅವು ಹೊರಬರಲಾಗದೆ ಒದ್ದಾಡುತ್ತಿದ್ದವು. ಮೊದಲು ಆಗಿದ್ದುದು ಇಷ್ಟೇ: ಶೂಗಳಿಗೆ ಔಡಲೆಣ್ಣೆ ಸಿಡಿದು ಜಾರುತ್ತಿತ್ತು. ಪೆಟ್ರೋಲಿನಲ್ಲಿ ಒರೆಸಿದ್ದರೆ ಸಾಕಿತ್ತು.

ಇದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಅಣ್ಣನಿಗೆ ವಿವರಿಸಿದವನು ನಾನು. ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅಷ್ಟು ಸ್ಪಷ್ಟವಾಗಿರುವುದೇ ನನಗೆ ಅನುಮಾನ. ಡಿಗ್ರಿ ಇದ್ದವನಿಗೇ ಹೊಳೆಯಿತು ಎನ್ನುವುದು ನನಗೆ ಅನುಕೂಲವಾದ ನೆನಪು. ಅಣ್ಣ ಅಂದದ್ದು ಮಾತ್ರ ನಾನು ಕಟ್ಟಿದ್ದಲ್ಲ, ಅತ್ತಿಗೆಗೂ ನೆನಪಿದೆ.

“ಅಂದ್ರ ಇಷ್ಟ್ ದಿನ ಹ್ಯಾಂಡ್‌ಬ್ರೇಕ್ ಜಗ್ಗಿಟ್ಟು ಗಾಡಿ ಹೊಡದ್ವಿ ಅನ್ನು,” ಎಂದು ಕೆಮ್ಮು ಬರುವ ತನಕ ನಕ್ಕಿದ್ದ.

ಶೂ ಒರೆಸಿ ತೆಳು ತಂತಿಯ ಸ್ಪ್ರಿಂಗು ಹಾಕಿದ ಮೇಲೆ ಕಾರು ಹೊರಟಿತು. ಅಣ್ಣನ ಕೈಯಲ್ಲೇ ಹೊರಟಿತು, ಓಣಿಯಲ್ಲಿ ನಾಲ್ಕು ಮಾರು. ಆಮೇಲೆ ಗಕ್ಕನೆ ನಿಂತು ಎಂಜಿನ್ನು ಮಾತ್ರ ಕಿರುಚಿತು. ಈ ಸಲ ಕ್ಲಚ್ಚಲ್ಲ, ಫ್ಲೈವೀಲೇ ಎಂಜಿನ್ನಿನ ದಂಡದ ಮೇಲೆ ಸಡಿಲಾಗಿ ಸುತ್ತುತ್ತಿತ್ತು. ಅದನ್ನು ಹಿಡಿದಿಡುವುದು ಒಂದೇ ನಟ್ಟು. ಸೈಕಲ್ ಟ್ಯೂಬು ಸುತ್ತಿ ಫ್ಲೈವೀಲನ್ನು ನಾನು ಹಿಡಿಯುತ್ತಿದ್ದೆ, ಪಾನಾ ಹಾಕಿ ಬಿಗಿಯುವುದು ಅಣ್ಣ. ಆ ಕೆಲಸವನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. ಎಣ್ಣೆ ಒರೆಸಿ ಬಿಗಿದೆವು, ಸಡಿಲಾಯಿತು. ಸಾಣೆಕಲ್ಲಿಗೆ ತಿಕ್ಕಿ ಬಿಗಿದೆವು, ಮತ್ತೆ ಸಡಿಲಾಯಿತು. ನಟ್ಟು ಸವೆದಿದೆ ಎಂದು ಹೊಸಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದೆ.

ನಾನು ಬರಿಗೈಯಲ್ಲಿ ಬಂದ ದಿನ ಅಣ್ಣ ಪಾನಾವನ್ನು ನನ್ನ ಕಡೆ ಚಾಚಿದ. “ಈಗ ಬಿಗದೀನಿ. ನೀ ಒಮ್ಮೆ ತಿರುವಿ ನೋಡು.”

ತಿರುವಿದೆ. ನಟ್ಟು ಮುಕ್ಕಾಲು ಸುತ್ತು ಸಲೀಸಾಗಿ ಹೋಯಿತು. ಇಬ್ಬರೂ ನೋಡಿದೆವು.

“ಹೂಂ,” ಅಂದ. “ಕೈಗೂ ಬಂತು.”

ಅದಾದ ಮೇಲೆ ಅವನು ಅವಸರ ಮಾಡಿದ. ಓಣಿಯ ಮಣ್ಣಿನಲ್ಲಿ ಬ್ಯಾಡ, ಸಪಾಟು ನೆಲ ಬೇಕು, ಜಲ್ದಿ ಎಂದ. ಕಂಪ್ಲಿಯಲ್ಲಿ ನಮ್ಮ ಸಂಬಂಧಿಕರ ಅಕ್ಕಿ ಗಿರಣಿ ಇತ್ತು. ಕಾಲುವೆ ನೀರಿನ ಭತ್ತ ಬಂದು ಬೀಳುವ ಕಾಲದಲ್ಲಿ ಅದರ ಸಿಮೆಂಟ್ ಕಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಹೋದಾಗ ಖಾಲಿ ಬಿದ್ದಿತ್ತು. ಬುಕ್ಕಸಾಗರದ ದಾರಿಯಾಗಿ ಮೂವರೂ ಟೆಂಪೋದಲ್ಲಿ ಹೋದೆವು. ಅಣ್ಣನನ್ನು ಕಣದ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಶೂ ಒರೆಸಿ, ನಟ್ಟು ನಾನೇ ಬಿಗಿದಿದ್ದೆ. ಎಂಜಿನ್ನು ಒಂದೇ ಎಳೆತಕ್ಕೆ ಹತ್ತಿತು. ಅಷ್ಟು ಹದವಾಗಿ ಅದು ಎಂದೂ ಓಡಿರಲಿಲ್ಲ.

ಅಣ್ಣ ತೋರುಬೆರಳನ್ನು ಕುದುರೆಗೆ ಹಾಕಿದ. ಎಳೆಯಲಿಲ್ಲ. ಎಳೆಯುತ್ತಿದ್ದಾನೆ ಎಂಬುದು ಕುತ್ತಿಗೆಯ ನರ ನೋಡಿದಾಗ ಗೊತ್ತಾಯಿತು. ಎರಡು ಬೆರಳು ಹಾಕಿದ. ರಿಮೋಟನ್ನು ಹೊಟ್ಟೆಗೆ ಒತ್ತಿಕೊಂಡು ಹೆಬ್ಬೆರಳು ಹಾಕಿದ. ಕಾರು ಕಣದ ನಡುವೆ ಸಣ್ಣಗೆ ಗುರುಗುಡುತ್ತ ನಿಂತೇ ಇತ್ತು.

ಅತ್ತಿಗೆ ಬಂದು ಅವನ ಬೆರಳಿನ ಮೇಲೆ ತಮ್ಮ ಬೆರಳಿಡಲು ಹೋದರು. “ಏ, ಬ್ಯಾಡ, ಆಕಡೆ ಸರಿ,” ಅಂದ. “ನೀ ಹೊಡದಂಗ ಆಗತೈತಿ.”

“ಅಣ್ಣಾ, ಆ ಕುದುರಿಗೂ ಒಂದು ಸ್ಪ್ರಿಂಗ್ ಐತಿ,” ಅಂದೆ. “ಬಿಚ್ಚಿ ಮೆತ್ತಂದು ಹಾಕ್ಲೇನು?”

“ಎಷ್ಟ್ ಸ್ಪ್ರಿಂಗ್ ಬಿಚ್ಚತಿಲೇ?” ಅಂದ. ರಿಮೋಟನ್ನು ನನ್ನ ಕೈಗೆ ಕೊಡಲಿಲ್ಲ, ನೆಲಕ್ಕೂ ಇಡಲಿಲ್ಲ.

ಆಮೇಲಿನದು ನನ್ನಲ್ಲಿ ಎರಡು ಬಗೆಯಾಗಿದೆ. ನಾನೇ ಹೋಗಿ ಎಂಜಿನ್ನು ಆರಿಸಿದೆ ಎಂಬುದು ಒಂದು. ಯಾರೂ ಏಳಲಿಲ್ಲ, ಎಣ್ಣೆ ತೀರುವ ತನಕ ಅದು ನಿಂತಲ್ಲೇ ಓಡಿತು, ಮೂವರೂ ಕೇಳುತ್ತ ಕುಳಿತಿದ್ದೆವು ಎಂಬುದು ಇನ್ನೊಂದು. ಎರಡನೆಯದೇ ನಿಜ ಎನ್ನುತ್ತಾರೆ ಅತ್ತಿಗೆ.