ಗುಟುರು ಹಾಕುವ ಕಾರು

ಮಾರ್ಗನ್ ಹಿಲ್‌ನ ನಮ್ಮ ಬೀದಿಯ ಕಾರುಗಳೆಲ್ಲ ಬ್ಯಾಟರಿಯವು, ಕಳ್ಳಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಹೋಗುತ್ತವೆ. ಮಂಡ್ಯ ಕಡೆಯ ಇಂಜಿನಿಯರು ಮಧುಕರನ ಪುಟ್ಟ ಪೆಟ್ರೋಲ್ ಕಾರು ಮಾತ್ರ ಫ್ರೀವೇ ಹೆದ್ದಾರಿ ಇಳಿಯುವಾಗಲೇ ತಾನು ಬಂದೆನೆಂದು ಊರಿಗೆಲ್ಲ ಸಾರುತ್ತದೆ. ಅವನಂತೂ ಕೂತಲ್ಲಿ ಕೂರುವ ಆಸಾಮಿಯಲ್ಲ. ಶನಿವಾರ ಬಂತೆಂದರೆ ಜಾಕ್ ಕೊಟ್ಟು ಕಾರೆತ್ತಿ, ಅದರಡಿ ತೂರಿ, ಮೊನ್ನೆ ಹಾಕಿದ ಸೈಲೆನ್ಸರನ್ನು ಕಿತ್ತು ಇನ್ನೊಂದನ್ನು ಕೂರಿಸುತ್ತಾನೆ. ಪೂಜೆಗೆ ಕರೆದರೂ ಮಂಗಳಾರತಿಯ ನಡುವೆ ಎದ್ದುಹೋಗಿ ಒಂದು ಬೋಲ್ಟು ಬಿಗಿದು ಬರುತ್ತಾನೆ. "ಹೋತ ಕೆಮ್ಮಿದಂಗದೆ ಕಣಯ್ಯ" ಎಂದು ನಾನು ರೇಗಿಸಿದರೆ, "ಸಾಲ್ದು ಯಜಮಾನ್ರೇ, ಕೋಣ ಗುಟುರು ಹಾಕ್ದಂಗಿರ್ಬೇಕು, ಮನೆ ನೆಲ ಅದುರ್ಬೇಕು" ಎನ್ನುತ್ತಾನೆ. ಮಗಳು ಲಾಸ್ಯಾ, "ಅಪ್ಪಾ, ಸ್ಕೂಲ್ ಹತ್ರ ಬರ್ಬೇಡ, ಪ್ಲೀಸ್, ಸೋ ಎಂಬ್ಯಾರಸಿಂಗ್" ಎಂದು ಗೋಗರೆಯುತ್ತಾಳೆ. ನೆರೆಯವರ ದೂರು ಕೇಳಿ ಕೇಳಿ ಸಾಕಾದ ಹೆಂಡತಿ ಪದ್ಮಜಾ ಹಠ ಹಿಡಿದು, ಒಮ್ಮೆ ಸದ್ದೇ ಬಾರದಂಥ ಸೈಲೆನ್ಸರನ್ನು ಹಾಕಿಸಿದಳು. ಆ ಸಂಜೆ ನಾನು ಅವರ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. ಅವನ ಅವ್ವ ಲಿಂಗಮ್ಮನಿಗೆ ಕಣ್ಣು ಎಂದೋ ಹೋಗಿದೆ, ಈಗೀಗ ಕಿವಿಯೂ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ. ಮಧುಕರ ಒಳಬಂದು ಅವಳ ಕೈ ಹಿಡಿದ. ಲಿಂಗಮ್ಮ ಕೈ ಕೊಸರಿಕೊಂಡು, "ಯಾರಪ್ಪ ನೀನು? ಸುಮ್ಕಿರು, ನನ್ ಮಗನ್ ಕಾರು ಬರೋ ಹೊತ್ತು, ನೆಲ ಇನ್ನೂ ಅದುರಿಲ್ಲ" ಎಂದಳು. ಮಧುಕರ ಸೈಲೆನ್ಸರು ಆರುವವರೆಗೂ ಕಾಯಲಿಲ್ಲ, ಆಫೀಸಿನ ಅಂಗಿಯಲ್ಲೇ ಕಾರಿನಡಿ ತೂರಿದ. ಸ್ಪ್ಯಾನರು ತಂದುಕೊಟ್ಟವಳು ಪದ್ಮಜಾ.